ಕುಬ್ರಾ ಬರೆದ ಡೈನೊಸಾರುಗಳು

ವಿಶಾಖಾ ರಾಯಚೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಡೈನೊಸಾರುಗಳ ಬಗ್ಗೆ ಎಲ್ಲರೂ ಓದಬಹುದಾದ ಸಚಿತ್ರ ಪುಸ್ತಕವೊಂದನ್ನು ಕನ್ನಡದಲ್ಲಿ ತರಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೆ ಚಿತ್ರ ಬರೆದವಳು ದೇವದುರ್ಗದ ಡ್ರಾಯಿಂಗ್ ಟೀಚರ್ ಕುಬ್ರಾ ಬೇಗಂ. ಬೇಟೆಯಾಡುವ ಡೈನೊಸಾರುಗಳ ಕಾಲು ಹಕ್ಕಿಗಳ ಕಾಲನ್ನೇ ಹೋಲುತ್ತಿತ್ತು ಎಂದು ವಿಶಾಖಾ ಹೇಳಿದ ಮೇಲೆ, ಕುಬ್ರಾ ಅಂಗಳದ ಕೋಳಿಗಳ ಹಿಂದೆ ಪೆನ್ಸಿಲ್ ಹಿಡಿದು ತಿರುಗಿದಳು. ಸರಿಬರುವವರೆಗೆ ಹರಿದು ಹಾಕಿ ಮತ್ತೆ ಬರೆದಳು.

ಪ್ರಕಾಶಕರು ಮುಖಪುಟದ ಮಾದರಿ ಕಳಿಸಿದಾಗ ಅದರಲ್ಲಿ ವಿಶಾಖಾಳ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, ಎರಡು ಹೆಸರು ಹಾಕಿದರೆ ಚೆಂದ ಕಾಣುವುದಿಲ್ಲ, ಚಿತ್ರ ಬರೆದವರದು ಒಳಗೆಲ್ಲಾದರೂ ಹಾಕೋಣ ಎಂದರು. ದೊಡ್ಡ ಅಕ್ಷರದಲ್ಲಿದ್ದ ತನ್ನ ಹೆಸರನ್ನು ಇನ್ನೊಮ್ಮೆ ನೋಡಿ ವಿಶಾಖಾ ಆಗಲಿ ಎಂದುಬಿಟ್ಟಳು. ಅಚ್ಚಾಗಿ ಬಂದ ಪ್ರತಿಯಲ್ಲಿ ಕುಬ್ರಾಳ ಹೆಸರು ಒಳಗೂ ಇರಲಿಲ್ಲ.

ಆ ಪ್ರತಿ ಹಿಡಿದು ವಿಶಾಖಾ ದೇವದುರ್ಗದ ಬಸ್ಸು ಹತ್ತಿದಳು. ಪ್ರೆಸ್ಸಿನವರು ಮರೆತರು ಎಂದು ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಕುಬ್ರಾಳ ತಾಯಿ ಖತೀಜಾ ಬೀ ನೆರೆಮನೆಯವರನ್ನೆಲ್ಲ ಕರೆದಿದ್ದರು. ಕುಬ್ರಾ ಕೈ ಒರೆಸಿಕೊಂಡು ಪುಟ ತಿರುವಿದಳು. ಒಂದೊಂದು ಚಿತ್ರಕ್ಕೂ ಮುಖ ಅರಳುತ್ತಿತ್ತು. ಓದಲು ಬಾರದ ಖತೀಜಾ ಬೀ, ನಿನ್ನ ಹೆಸರೆಲ್ಲಿದೆ, ಬೆರಳಿಟ್ಟು ತೋರಿಸು ಎಂದರು. ಕುಬ್ರಾ ಮೊದಲ ಪುಟ ನೋಡಿದಳು, ಕೊನೆಯ ಪುಟ ನೋಡಿದಳು. ಆಮೇಲೆ ತಾನೇ, ಪ್ರೆಸ್ಸಿನವರು ಮರೆತಿರಬೇಕು ಎಂದು ತಾಯಿಗೆ ಹೇಳಿದಳು.

ಹೌದು ಎಂದರೆ ಸಾಕಿತ್ತು. ವಿಶಾಖಾಳ ಬಾಯಿಂದ ಆ ಮಾತು ಹೊರಡಲಿಲ್ಲ.

"ಮರತಿಲ್ಲ ಕುಬ್ರಾ. ಮುಖಪುಟ ನನಗ ಮೊದಲ ತೋರಿಸಿದ್ರು. ನಾನ ಹೂಂ ಅಂದೆ."

ನೆರೆಮನೆಯವರು ಒಬ್ಬೊಬ್ಬರಾಗಿ ಎದ್ದುಹೋದರು. ಇಷ್ಟು ದಿನ ಅಕ್ಕಾ ಎನ್ನುತ್ತಿದ್ದ ಕುಬ್ರಾ, "ಚಾ ಆರಾಕತ್ತದ, ಕುಡೀರಿ ಮೇಡಂ" ಎಂದಳು.

ಬಸ್ ನಿಲ್ದಾಣದಿಂದಲೇ ವಿಶಾಖಾ ಪ್ರಕಾಶಕರಿಗೆ ಫೋನ್ ಮಾಡಿ, ಎರಡೂ ಹೆಸರು ಒಂದೇ ಅಳತೆಯಲ್ಲಿ ಬರುವತನಕ ಪುಸ್ತಕ ಅಂಗಡಿಗೆ ಹೋಗಬಾರದು ಎಂದಳು. ಅವರು ರೇಗಿದರು, ಅವಳು ಪಟ್ಟು ಬಿಡಲಿಲ್ಲ. ಮುಖಪುಟ ಮತ್ತೆ ಅಚ್ಚಾಯಿತು.

ರಾಯಚೂರಿನಲ್ಲಿ ಬಿಡುಗಡೆಯಾದ ದಿನ ಕುಬ್ರಾ ತಾಯಿಯನ್ನು ಕರೆದುಕೊಂಡು ಬಂದಳು. ವಿಶಾಖಾ ವೇದಿಕೆಯ ಮೇಲೆ ನಡೆದದ್ದನ್ನೆಲ್ಲ ಹೇಳಿ, ಮೊದಲ ಪ್ರತಿಯನ್ನು ಖತೀಜಾ ಬೀ ಕೈಗಿತ್ತಳು. ಜನ ಚಪ್ಪಾಳೆ ತಟ್ಟಿದರು. ಅದು ತಾನು ನಿಜ ಹೇಳಿದ್ದಕ್ಕೆ ಬಿದ್ದ ಚಪ್ಪಾಳೆ, ಚಿತ್ರಗಳಿಗಲ್ಲ ಎಂದು ಹೊಳೆದಾಗ ಅವಳು ತಲೆ ತಗ್ಗಿಸಿದಳು.

ಸಭೆ ಮುಗಿದ ಮೇಲೆ, ಹಕ್ಕಿಗಳ ಬಗ್ಗೆ ಬರೆಯಲಿರುವ ಪುಸ್ತಕಕ್ಕೂ ಚಿತ್ರ ಮಾಡಿಕೊಡುತ್ತೀಯಾ ಎಂದು ವಿಶಾಖಾ ಹಿಂಜರಿಯುತ್ತ ಕೇಳಿದಳು. ಕುಬ್ರಾ ತಾಯಿಯ ಕೈಯಲ್ಲಿದ್ದ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಹಕ್ಕಿ ಚಿತ್ರ ಬರೀತೀನ್ರಿ. ನಿಮ್ಮ ಪುಸ್ತಕಕ್ಕ ಅಲ್ಲ" ಎಂದು, ತಾಯಿಯ ಕೈ ಹಿಡಿದು ಮೆಟ್ಟಿಲಿಳಿದಳು.