ಹುಳಿಯಕ್ಕನ ಗ್ರೇವಿ

ತಾಯಿಯನ್ನು ಮಣ್ಣು ಮಾಡುವ ದಿನವೂ ಮಗಳಿಗೆ ರಜೆ ಸಿಗಲಿಲ್ಲ.

ಹೋಟೆಲಿನ ಅಡುಗೆಮನೆಯಲ್ಲಿ ಅವಳು ಹಂದಿಮಾಂಸದ ಚಾಪ್ಸನ್ನು ಮರದ ಸುತ್ತಿಗೆಯಿಂದ ಬಡಿಯುತ್ತಿದ್ದಳು. ಮೂಳೆಗೆ ತಾಗಬಾರದು, ಅಂಚಿನ ಕೊಬ್ಬು ಹರಿಯಬಾರದು. ಗೋಡೆಯಾಚೆ, ಹೋಟೆಲಿನವರೇ ಕೊಟ್ಟ ಒಂಟಿ ಕೋಣೆಯಲ್ಲಿ, ಈ ಒಲೆಯ ಮುಂದೆಯೇ ಕೂದಲು ನರೆಸಿಕೊಂಡ ಅಮ್ಮ ಪೆಟ್ಟಿಗೆಯೊಳಗೆ ಮಲಗಿದ್ದಳು. ಸುತ್ತಿಗೆಯ ಸದ್ದು ಅಲ್ಲಿಗೂ ಕೇಳುತ್ತಿತ್ತು. ಕೋಣೆಯ ಹೊರಗೆ ಅತ್ತು ಸುಸ್ತಾಗಿ ಕುಳಿತಿದ್ದವರು, ಒಳಗೆ ಯಾರೋ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ಮತ್ತೆ ಅತ್ತರು.

“ಮಧ್ಯಾಹ್ನ ಕಾರ್ಖಾನೆ ಮ್ಯಾನೇಜರ್ ಬೀಳ್ಕೊಡುಗೆ ಊಟ,” ಎಂದು ಬೆಳಿಗ್ಗೆ ಮಾಲೀಕ ಹೇಳಿದ್ದ. “ಹುಳಿಯಕ್ಕನ ಚಾಪ್ಸೇ ಬೇಕು ಅಂದಿದಾರೆ. ಅವಳು ಸತ್ತೋದ್ಲು ಅಂದ್ರೆ ಅವರಿಗೆ ಊಟ ಸೇರುತ್ತಾ? ಮಾಡಿಟ್ಟು ಹೋಗು ತಾಯಿ. ನೀನು ಬರೋವರೆಗೂ ಯಾರೂ ಎತ್ತಲ್ಲ. ಆ ಕೋಣೆ ವಿಷಯ ಆಮೇಲೆ ಮಾತಾಡೋಣ.”

ಕೋಣೆಯ ಮಾತು ಬಂದಮೇಲೆ ಅವಳು ಸುತ್ತಿಗೆ ಎತ್ತಿಕೊಂಡಿದ್ದಳು.

ಚಾಪ್ಸ್ ಅವಳಿಗೆ ಬರುತ್ತಿತ್ತು. ಮೈದಾದಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿ ಮೆತ್ತಿ, ತೆಳು ಎಣ್ಣೆಯಲ್ಲಿ ಎರಡೂ ಮಗ್ಗುಲು ಕೆಂಪಗೆ ಕರಿಯುವುದು. ಅದೇ ಬಾಣಲೆಯ ತಳ ಕಚ್ಚಿದ ಚೂರುಗಳ ಮೇಲೆ ಈರುಳ್ಳಿ, ನೀರು, ಆಮೇಲೆ ಹುಳಿ. ಯಾವ ಹುಳಿ? ಅಲ್ಲಿಗೆ ಬಂದು ಕೈ ನಿಂತಿತು. ಗ್ರೇವಿಯ ಹೊತ್ತಿಗೆ ಅಮ್ಮ ಅವಳನ್ನು ಸದಾ ಮೇಜು ಒರೆಸಲು ಅಟ್ಟಿಬಿಡುತ್ತಿದ್ದಳು.

ಪಾತ್ರೆ ತೊಳೆಯುವ ಚಿಕ್ಕಮ್ಮ ಸಾವಿನ ಕೋಣೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

“ನಿಂಬೆಹಣ್ಣು ಕಣೇ. ನಿಮ್ಮಮ್ಮನ ಬೆರಳೆಲ್ಲ ಅದೇ ವಾಸ್ನೆ.”

“ಎಲ್ಲಿಯ ನಿಂಬೆ!” ಹಿಂದೆಯೇ ಬಂದ ಸಪ್ಲೈಯರ್ ಅಂದ. “ವಿನೆಗರ್ರು. ನಾನು ದಿನಾ ತಟ್ಟೆ ಒಯ್ತಿದ್ದೋನು.”

“ತಟ್ಟೆ ಒಯ್ಯೋನಿಗೆ ಏನು ಗೊತ್ತು? ಸಿಗರೇಟ್ ಸೇದಿ ಸೇದಿ ನಿನ್ ಮೂಗು ಎಂದೋ ಸತ್ತೋಗಿದೆ.”

ಅಷ್ಟರಲ್ಲಿ ಸೋದರಮಾವ ಬಾಗಿಲಲ್ಲಿ ನಿಂತಿದ್ದ. “ಇಬ್ರೂ ಬಾಯ್ಮುಚ್ಚಿ. ಟೊಮೇಟೊ. ನಮ್ಮಕ್ಕನೇ ನಂಗೆ ಹೇಳಿದಾಳೆ.”

“ಯಾವಾಗ ಹೇಳಿದ್ಳು?” ಸಪ್ಲೈಯರ್ ಕೇಳಿದ.

“ಯಾವಾಗ್ಲೋ.”

“ಹೆಣ ಪಕ್ಕದಲ್ಲಿಟ್ಕೊಂಡು ಹುಳಿಗೆ ಜಗಳ ಆಡ್ತೀವಲ್ರೋ,” ಎಂದು ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ನಕ್ಕವಳೇ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮಗಳಿಗೆ ಮೂವರೂ ಮೂರು ಬೇರೆ ಹೆಂಗಸರ ಸಾವಿಗೆ ಬಂದವರಂತೆ ಕಂಡರು. ತನ್ನ ತಾಯಿ ಇವರಲ್ಲಿ ಯಾರವಳು? ಆ ಗ್ರೇವಿ ಮಗಳ ನಾಲಿಗೆಗೆ ಒಂದು ಹನಿಯೂ ತಾಗಿರಲಿಲ್ಲ. ಉಳಿದದ್ದನ್ನು ಮಾಲೀಕನ ಮನೆಗೆ ಒಯ್ಯುತ್ತಿದ್ದರು.

*

ಎಂದೋ ಅದುಮಿಟ್ಟಿದ್ದ ನೆನಪೊಂದು ಈಗ ಎದ್ದಿತು. ಒಮ್ಮೆ ಒರೆಸುವ ಬಟ್ಟೆ ಮರೆತು ಅವಳು ಒಳಗೆ ಬಂದಿದ್ದಳು. ಅಮ್ಮ ಕಸದ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಜ್ಯೂಸಿನವರು ಹಿಂಡಿ ಎಸೆದ ನಿಂಬೆಹೋಳುಗಳು ಮಡಿಲಲ್ಲಿದ್ದವು. ಒಂದೊಂದನ್ನೂ ಹಲ್ಲು ಕಚ್ಚಿ ಮತ್ತೆ ಹಿಂಡುತ್ತಿದ್ದಳು.

“ಅಮ್ಮಾ, ಉಗ್ರಾಣದಲ್ಲಿ ಮೂಟೆ ನಿಂಬೆಹಣ್ಣಿದೆಯಲ್ಲ?”

“ಯಜಮಾನ್ರು ಗ್ರೇವಿಗೆ ಅಂತ ಸಾಮಾನು ಕೊಡಲ್ಲ ಅಂದಿದಾರೆ. ಬೀಗ ಹಾಕಿದಾರೆ. ಗ್ರೇವಿ ಇಲ್ಲ ಅಂದ್ರೆ ಗಿರಾಕಿ ತಟ್ಟೆ ಎಸೀತಾರೆ. ಏನ್ ಮಾಡ್ಲಿ?”

“ನಿಂಬೆ ಸಿಗದ ದಿನ?”

ಅಮ್ಮ ಬಾಗಿಲ ಕಡೆ ನೋಡಿದಳು. “ಹುಳಿಗೇನು ಬರ. ಕೊಳೆತ ಟೊಮೇಟೊದಲ್ಲಿ ಅರ್ಧ ಚೆನ್ನಾಗೇ ಇರುತ್ತೆ. ಈರುಳ್ಳಿ ನೆನೆಸಿದ ಜಾಡಿ ತಳದಲ್ಲಿ ವಿನೆಗರ್ ಇರುತ್ತೆ. ನೋಡಿದ್ದನ್ನ ನುಂಗ್ಕೊ. ಕಸಾನೂ ಅವರದ್ದೇ, ಕದ್ದೆ ಅಂತಾರೆ. ಹೋಗು, ಮೇಜು ಒರೆಸು.”

ಆಗ ಅವಳಿಗೆ ನಾಚಿಕೆಯಾಗಿತ್ತು. ಯಾರ ಬಗ್ಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

*

“ಮೂರೂ ನಿಜ,” ಎಂದಳು ಮಗಳು, ಚಾಪ್ಸನ್ನು ಬಾಣಲೆಗೆ ಬಿಡುತ್ತ.

“ಮೂರೂ ಹೇಗೆ ನಿಜ ಆಗುತ್ತೆ?” ಮಾವ ಕಣ್ಣು ಕಣ್ಣು ಬಿಟ್ಟ. ಉತ್ತರ ಹೇಳುವಷ್ಟರಲ್ಲಿ ಕೋಣೆಯ ಕಡೆಯಿಂದ ಕೂಗು ಬಂತು. ಗುಂಡಿ ತೋಡಿದವರಿಗೆ ಇನ್ನೊಂದು ಸಾವಿನ ಕೆಲಸ ಬಂದಿದೆಯಂತೆ, ಈಗಲೇ ಎತ್ತಬೇಕಂತೆ. ಮಾವ, ಸಪ್ಲೈಯರ್ ಓಡಿದರು. ಚಿಕ್ಕಮ್ಮ ಅವಳ ತೋಳು ಹಿಡಿದಳು. “ಬಾರೇ!”

ಮಾಲೀಕ ಒಳಗೆ ಬಂದ. “ಎಲ್ಲಿಗೆ? ಗ್ರೇವಿ?”

“ಉಗ್ರಾಣದ ಬೀಗದಕೈ ಕೊಡಿ ಯಜಮಾನ್ರೇ. ಮಾಡ್ತೀನಿ.”

“ಗ್ರೇವಿಗೆ ಉಗ್ರಾಣ ಯಾಕೆ? ನಿಮ್ಮಮ್ಮ ಒಂದು ದಿನಾನಾದ್ರೂ ಕೇಳಿದ್ಳಾ?”

ಮಗಳು ಒಲೆ ಆರಿಸಿದಳು. ಬಾಣಲೆಯಲ್ಲಿ ಚಾಪ್ಸ್ ಒಂದು ಮಗ್ಗುಲು ಕೆಂಪಾಗಿ, ಇನ್ನೊಂದು ಮಗ್ಗುಲು ಹಸಿಯಾಗಿ ಬಿದ್ದಿದ್ದವು. ಅವಳು ಹಿಂಬಾಗಿಲು ದಾಟಿ ಓಣಿಗಿಳಿದಳು.

ಪೆಟ್ಟಿಗೆ ಆಗಲೇ ಬರುತ್ತಿತ್ತು. ಎದುರಿನಿಂದ ಬಂದ ಕಾರು ದಾರಿಯಿಲ್ಲದೆ ನಿಂತಿತು. ಕಾರ್ಖಾನೆಯ ಮ್ಯಾನೇಜರ್ ಇಳಿದು ಟೋಪಿ ತೆಗೆದ.

“ಯಾರು ಹೋಗಿದ್ದು?”

“ಹುಳಿಯಕ್ಕ,” ಎಂದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಸಪ್ಲೈಯರ್. “ಇವಳು ಮಗಳು.”

ಮ್ಯಾನೇಜರ್ ಮಗಳನ್ನು ನೋಡಿದ. ಆಮೇಲೆ ಅವಳ ಕೈಗಳನ್ನು. ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಮೊಟ್ಟೆ, ಮೈದಾ, ಬ್ರೆಡ್ ಪುಡಿ. ಆಮೇಲೆ ಹೋಟೆಲಿನ ಬಾಗಿಲನ್ನು ನೋಡಿದ.

ಮಾಲೀಕ ಟವೆಲ್ ಹಿಡಿದು ಓಡಿಬಂದ. “ಕೈ ತೊಳ್ಕೊಂಡು ಹೋಗು ತಾಯಿ,” ಎಂದ ಮೆಲ್ಲಗೆ. “ಜನ ನೋಡ್ತಿದಾರೆ.”

ಅವಳು ಮಾವನ ಮುಂದೆ ನುಗ್ಗಿ ಪೆಟ್ಟಿಗೆಗೆ ಹೆಗಲು ಕೊಟ್ಟಳು. ಪೆಟ್ಟಿಗೆಗೆ ಹೊದಿಸಿದ್ದ ಕಪ್ಪು ಬಟ್ಟೆಯ ಮೇಲೆ ಐದು ಬೆರಳೂ ಹಳದಿಯಾಗಿ ಮೂಡಿದವು.

“ಏ, ಕೈ ತೊಳ್ಕೋ ಅಂದೆ!” ಮಾಲೀಕ ಗದರಿದ.

“ತೊಳೆಯಲ್ಲ,” ಎಂದಳು.