ಮಡುವಿನ ತಳದ ಮಣ್ಣು

ಪ್ರಲ್ಹಾದರಾಯರ ಮನೆಯವರು ಬಿಬವೇವಾಡಿಯ ಹೊಲಕ್ಕೆ ಬೆಳೆ ನೋಡಲು ಹೋಗುತ್ತಾರೆ ಅನ್ನುವುದು ನೆಪ, ಹೋಗುತ್ತಿದ್ದದ್ದು ನೀರಿಗೆ. ಕಾತ್ರಜದ ಗುಡ್ಡ ಇಳಿದು ಬರುವ ಹಳ್ಳವೊಂದು ಹೊಲದ ಅಂಚಿನ ಕರಿಬಂಡೆಗೆ ಹಣೆ ಹಚ್ಚಿ, ಮುನಿದ ಸೊಸೆಯ ಹಾಗೆ ಪಕ್ಕಕ್ಕೆ ಸರಿದು, ನೇರಳೆ ಮರದ ಬುಡದಲ್ಲಿ ಮಡುವಾಗಿ ನಿಲ್ಲುತ್ತಿತ್ತು. ಅಲ್ಲಿಂದ ತುಳುಕಿದ್ದು ಎಮ್ಮೆಗಳ ಹೊಂಡಕ್ಕೆ, ಅಲ್ಲಿ ಮಿಕ್ಕಿದ್ದು ಜೋಳದ ಹೊಲಕ್ಕೆ. ಶನಿವಾರ ಪೇಟೆಯ ವಾಡೆಯಲ್ಲಿ ಒಂದೇ ನಳದ ಮುಂದೆ ಕೊಡ ಸಾಲುಹಚ್ಚಿ ಕಾಯುವ ಜನ ಅವರು. ಧಾರವಾಡದ ಕೆರೆ ಬಿಟ್ಟು ಮರಾಠಿ ಸೀಮೆಯ ಲಷ್ಕರದ ಕಚೇರಿಯ ಕಾರಕೂನಿಕೆಗೆ ಬಂದ ಮನೆತನ. ಅವರ ಪಾಲಿಗೆ ಈ ಮಡುವೇ ಕ್ಷೀರಸಾಗರ.

ಆ ವೈಶಾಖದ ಮಧ್ಯಾಹ್ನ ರಾಯರ ಹೆಂಡತಿ ರಾಧಾಬಾಯಿ ಬಂಡೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಬೆರಳ ಸಂದಿಯಲ್ಲಿ ಮೀನಮರಿಗಳು ಕಚಗುಳಿಯಿಡುವುದನ್ನು ಅನುಭವಿಸುತ್ತಿದ್ದಳು. ಮಾವಿನಹಣ್ಣಿನ ಬುಟ್ಟಿಯನ್ನು ನೇರಳೆಯ ಬೇರಿಗೆ ಕಟ್ಟಿ ಹರಿವ ನೀರಿನಲ್ಲಿ ತಣ್ಣಗಾಗಲು ಬಿಟ್ಟಿದ್ದರು. ಅತ್ತೆ ಗಂಗೂಬಾಯಿ ನೆರಳಿನಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ರಾಯರು ಚಾಪೆಯ ಮೇಲೆ ಅಡ್ಡಾಗಿ, ನಿದ್ದೆಯಲ್ಲೂ ಮಕ್ಕಳನ್ನು ಬೈಯುತ್ತಿದ್ದರು.

ಹನ್ನೊಂದು ವರ್ಷದ ಮಗಳು ಇಂದೂ ಮತ್ತು ಅವಳ ದೊಡ್ಡಪ್ಪನ ಮಗ ಶ್ಯಾಮ ನೀರಿನಲ್ಲಿ. ಆಟ ಒಂದೇ: ಮುಳುಗಿ ತಳ ಮುಟ್ಟಿ, ಹಿಡಿ ಮಣ್ಣು ತಂದು ತೋರಿಸುವುದು. ಮೋಸಕ್ಕೆ ಆಸ್ಪದವಿಲ್ಲ, ದಂಡೆಯ ಮಣ್ಣು ಕೆಂಪು, ತಳದ್ದು ಕಾಡಿಗೆಯಂಥ ಕಪ್ಪು.

"ಹೋದ ಸಲ ದಂಡಿ ಮಣ್ಣಿಗೆ ಕೆಸರು ಬಳದು ತೋರ್ಸೀದಿ, ಕಳ್ಳಿ!" ಅಂದ ಶ್ಯಾಮ.

"ಕಳ್ಳಿ ಅಂದ್ರ ನಾಲಿಗಿ ಸೀಳತೀನಿ. ನೋಡ್ತಿರು," ಎಂದವಳೇ ಇಂದೂ ಮುಳುಗಿದಳು.

ನೀರು ಮುಚ್ಚಿಕೊಂಡಿತು. ಒಂದು ಗುಳ್ಳೆ, ಎರಡು ಗುಳ್ಳೆ. ರಾಧಾಬಾಯಿ ಮನಸ್ಸಿನಲ್ಲೇ ದೇವರ ನಾಮ ಎಣಿಸಿ ಹೇಳಿಕೊಳ್ಳತೊಡಗಿದಳು. ಹತ್ತಕ್ಕೆ ಬರುವಷ್ಟರಲ್ಲಿ ಮಗಳು ದಬಕ್ಕನೆ ಮೇಲೆದ್ದು, ಅಂಗೈ ಚಾಚಿದಳು.

"ಕಪ್ಪದನೋ ಇಲ್ಲೋ, ಹೇಳೀಗ! ಅವ್ವಾ, ಇದರಾಗ ಏನೋ ಚುಚ್ತದ..."

ಮಣ್ಣು ಬೆರಳ ಸಂದಿಯಿಂದ ಜಾರಿತು. ಉಳಿದದ್ದು ಒಂದು ನತ್ತು. ಮುತ್ತುಗಳು ಬಣ್ಣಗೆಟ್ಟಿದ್ದವು, ನಡುವಿನ ಕೆಂಪು ಹರಳು ಮಾತ್ರ ಬಿಸಿಲಿಗೆ ಕಣ್ಣು ಬಿಟ್ಟಿತು.

ರಾಧಾಬಾಯಿಯ ಕೈ ತಾನಾಗಿ ತನ್ನ ಮೂಗಿಗೆ ಹೋಯಿತು.

ಒಂಬತ್ತು ವರ್ಷದ ಹಿಂದಿನ ಶ್ರಾವಣ. ಮಂಗಳಗೌರಿಯನ್ನು ಈ ದಂಡೆಯ ಮಣ್ಣಿನಿಂದಲೇ ಮಾಡಿ, ಮನೆಯ ಹಿರಿಯರ ನತ್ತನ್ನು ಅವಳ ಮೂಗಿಗೆ ಇಟ್ಟು ಪೂಜೆ ಮಾಡುವುದು ಮನೆಯ ಪದ್ಧತಿ. ಹಸಿಮಣ್ಣಿನಲ್ಲಿ ನತ್ತು ನಿಲ್ಲದೆಂದು ರಾಧಾಬಾಯಿ, ಹಣೆಗೆ ಕುಂಕುಮ ನಿಲ್ಲಲು ಹಚ್ಚುವ ಮೇಣವನ್ನು ಕೊಕ್ಕೆಗೆ ಮೆತ್ತುತ್ತಿದ್ದಳು. ಗೌರಿಯನ್ನು ನೀರಿಗೆ ಬಿಡುವ ಹೊತ್ತಿಗೆ ನತ್ತು ತೆಗೆದು, ಮೇಣ ಒರೆಸಿ, ಅರಿಷಿಣದ ತಟ್ಟೆಯಲ್ಲಿ ಇಡುವುದು. ಆಮೇಲೆ ಹೊಲ ನೋಡಿಕೊಳ್ಳುವ ಮಹಾಲಿಂಗನ ಹೆಂಡತಿ ಬಾಳವ್ವ ಗೌರಿಯ ಬುಟ್ಟಿ ಹೊತ್ತು ಎದೆಮಟ್ಟ ನೀರಿಗಿಳಿದು ಬಿಟ್ಟುಬರುವುದು. ಬೆಳಗಾವಿ ಕಡೆಯ ಹೆಣ್ಣು, ಮೀನಿನಂತೆ ಈಜುವವಳು. ಮನೆಯ ಹೆಂಗಸರಿಗೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕೈಕಾಲು ಬಡಿಯಲು ಕಲಿಸಿದವಳು ಅವಳೇ. "ಬಾಯಾರ, ನೀರು ಕಚ್ಚೂದಿಲ್ರಿ, ಬರ್ರಿ" ಎಂದು ನಗುತ್ತಿದ್ದಳು.

ಆ ವರ್ಷ ಎರಡು ವರ್ಷದ ಇಂದೂಗೆ ಜ್ವರ ಬಂದು ಹನ್ನೆರಡು ದಿನವಾಗಿತ್ತು. ರಾಧಾಬಾಯಿ ದಂಡೆಯಲ್ಲಿ ಕಣ್ಣು ಮುಚ್ಚಿ ಗೌರಿಯ ಹಾಡು ಹೇಳುತ್ತಿದ್ದಳು. ಹಾಡಿಗೆ, ಪುರಾಣಕ್ಕೆ ಕಣ್ಣು ಮುಚ್ಚುವುದು ತವರಿನ ರೂಢಿ.

ಸಂಜೆ ತಟ್ಟೆಯಲ್ಲಿ ನತ್ತು ಇರಲಿಲ್ಲ.

"ಬುಟ್ಟಿ ಹೊತ್ತಾಕಿ ಯಾರು?" ಅಂದಿದ್ದರು ಅತ್ತೆ. ಬಾಳವ್ವ ರಾಧಾಬಾಯಿಯ ಮುಖವನ್ನೇ ನೋಡಿದಳು. ರಾಯರು ಹೆಂಡತಿಯನ್ನು ಕೇಳಿದರು: ನೀನು ತೆಗೆದಿಟ್ಟದ್ದು ಖರೆಯೇನು? ಪ್ರತಿ ವರ್ಷ ತೆಗೆದ ಕೈ ಅದು. ಬೆರಳಿಗೆ ಮೇಣದ ನೆನಪೂ ಇತ್ತು. ರಾಧಾಬಾಯಿ ದೇವರ ಮುಂದಿನ ದೀಪ ಮುಟ್ಟಿ "ತಗದಿಟ್ಟೀನಿ" ಅಂದಳು. ಬಾಳವ್ವ ಬೆಚ್ಚಿದಳು, ಆದರೂ ಮಾತಾಡಲಿಲ್ಲ. ಅವಳೇ ಕಳ್ಳಿ ಅನ್ನಿಸಿಕೊಂಡಳು. ಮರುದಿನವೇ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಹೋದರು.

ಈಗ ಅದೇ ನತ್ತಿನ ಕೊಕ್ಕೆಯನ್ನು ರಾಧಾಬಾಯಿ ಉಗುರಿನಿಂದ ಕೆರೆದಳು. ಕಪ್ಪಾದ ಮೇಣದ ಗಟ್ಟಿ ಉಗುರಿನಲ್ಲಿ ಸಿಕ್ಕಿತು.

"ಹೆದರಿ ಅಕಿನ ಒಗದಿರಬೇಕು ನೀರಾಗ," ಅಂದರು ಗಂಗೂಬಾಯಿ. ಬತ್ತಿ ಹೊಸೆಯುವ ಕೈ ಮಾತ್ರ ನಿಂತಿತ್ತು.

"ಮೇಣ ಅದ ಅತ್ಯಾ. ನಾ ತಗದಿದ್ರ ಮೇಣ ಇರ್ತಿದ್ದಿಲ್ಲ. ಗೌರಿ ಮೂಗಿನ್ಯಾಗಿಂದು ಇದು. ನಾ ತಗದಽ ಇಲ್ಲ."

ರಾಯರು ಎದ್ದು ಕೂತರು. "ಸಿಕ್ತಲ್ಲ, ಮುಗೀತು. ಒಂಬತ್ತು ವರ್ಷದ ಮಾತು ಯಾಕ ಕೆದಕತಿ? ದೀಪಾ ಮುಟ್ಟಿ ಹೇಳೀದಿ ನೀನು. ನಾಕು ಮಂದಿಗೆ ಗೊತ್ತಾದ್ರ ನಿನ್ನ ಮರ್ಯಾದಿ ಏನಾದೀತು?"

"ಅಕಿದು ಏನಾಗೇದರಿ?" ಅಂದಳು ರಾಧಾಬಾಯಿ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಗಂಡನಿಗೆ ಅವಳು ಕೇಳಿದ ಎದುರು ಪ್ರಶ್ನೆ ಅದೊಂದೇ. ತಣ್ಣಗಾದ ಮಾವಿನಹಣ್ಣನ್ನು ಆ ದಿನ ಯಾರೂ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಟಾಂಗಾ ಮಾಡಿಕೊಂಡು, ಇಂದೂವನ್ನು ಜೊತೆಗಿಟ್ಟುಕೊಂಡು ಅವಳು ಯೆರವಡಾಕ್ಕೆ ಹೋದಳು. ಮಹಾಲಿಂಗ ಅಲ್ಲಿ ಕಲ್ಲು ಒಡೆಯುವ ಕೆಲಸಕ್ಕಿದ್ದಾನೆಂದು ಕೇಳಿದ್ದಳು. ದಾರಿಯುದ್ದಕ್ಕೂ ತಾನು ತಿನ್ನಬೇಕಾದ ಬೈಗುಳವನ್ನೆಲ್ಲ ಮನಸ್ಸಿನಲ್ಲಿ ಸಾಲುಗೂಡಿಸಿದಳು. ಬೈಯಲಿ, ಬಾಗಿಲಿಂದ ಅಟ್ಟಲಿ, ಬೂದಿ ತೂರಲಿ. ಎಲ್ಲಕ್ಕೂ ಸಿದ್ಧಳಾಗಿದ್ದಳು.

ತಗಡಿನ ಜೋಪಡಿಯ ಮುಂದೆ ಬಾಳವ್ವ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಕೂದಲು ಹಣ್ಣಾಗಿತ್ತು. ಬಂದವಳನ್ನು ಕಂಡು ಒನಕೆ ನಿಲ್ಲಿಸಿದಳು, ಏಳಲಿಲ್ಲ. ರಾಧಾಬಾಯಿ ನತ್ತಿದ್ದ ಅಂಗೈ ಬಿಚ್ಚಿದಳು.

ಬಾಳವ್ವ ಒನಕೆ ಬಿಟ್ಟು ಎದ್ದಳು.

"ಅಯ್ಯ ಶಿವನ! ಹೊರಗ ಯಾಕ ತಗದ್ರಿ ಅದನ್ನ?" ಅಂದಳು. "ಕೊಟ್ಟದ್ದು ತಿರುಗಿ ತಗೋತಾರೇನ್ರಿ? ಕೂಸು... ಆ ಕೂಸು ಹ್ಯಾಂಗದ? ಜೀವ ಅದನೋ ಇಲ್ಲೋ?"

"ಯಾವ ಕೂಸು?"

"ಇಂದೂ ಅವ್ವರಿ! ಜ್ವರದಾಗಿದ್ದಿಲ್ಲೇನು? ನೀವು ಗೌರಿಗೆ ಮೂಗಿನ ನತ್ತು ಹರಕಿ ಕೊಟ್ಟಿದ್ರಿ. ನೀರಾಗ ಬಿಡೂ ಮುಂದ ನಾ ಕಂಡೆ. ತಿರುಗಿ ನಿಮ್ಮ ಮಾರಿ ನೋಡಿದೆ, ಕಣ್ಣು ಮುಚ್ಚಿ ಕೈ ಮುಗದಿದ್ರಿ. ತಿಳೀತು ನನಗ. ಅತ್ತಿಗೆ ತಿಳಿಬಾರದಂತ ಕದ್ದು ಕೊಟ್ಟ ಹರಕಿ. ಹರಕಿ ಬಾಯಿಬಿಟ್ರ ಫಲಾ ಇಲ್ಲ, ಕೂಸು ಉಳಿಯೂದಿಲ್ಲಂತ... ದೀಪಾ ಮುಟ್ಟಿ ಸುಳ್ಳು ಹೇಳಿದ್ರಲ್ಲ, ಮಗಳ ಸಲುವಾಗಿ ಎಂಥಾ ಎದಿ ಈ ತಾಯಿದು ಅಂದ್ಕೊಂಡೆ. ನಾನೂ ಬಾಯಿ ಮುಚ್ಚಿದೆ."

ಮೆಣಸಿನ ಘಾಟಿಗೆ ಇಂದೂ ಸೀನಿದಳು. ಬಾಳವ್ವ ಆಗಲೇ ಹುಡುಗಿಯನ್ನು ನೆಟ್ಟಗೆ ನೋಡಿದ್ದು. ಅವಳ ಕೈ ಹಿಡಿದು, ಮಣಿಕಟ್ಟು ಮುಟ್ಟಿ, ಕೆನ್ನೆ ಮುಟ್ಟಿ, "ಇಕೀನ ಏನು? ಇಷ್ಟುದ್ದ ಆಗ್ಯಾಳ?" ಎಂದು ನಕ್ಕಳು.

ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಹೌದು ಹರಕೆ ಎಂದರೆ ಸಾಕು, ಆ ನಗು ಹಾಗೇ ಉಳಿಯುತ್ತಿತ್ತು. ಆದರೆ ರಾಧಾಬಾಯಿಗೆ ಒಮ್ಮೆ ದೀಪ ಮುಟ್ಟಿ ಸುಳ್ಳಾಡಿದ್ದೇ ಸಾಕಾಗಿತ್ತು.

"ಹರಕಿ ಇದ್ದಿಲ್ಲ ಬಾಳವ್ವ. ನಾ ಮರತಿದ್ದೆ. ತಗೀಲಿಕ್ಕೆ ಮರತು, ತಗದೀನಂತ ಆಣಿ ಇಟ್ಟೆ."

ಬಾಳವ್ವ ಹುಡುಗಿಯ ಕೈ ಬಿಟ್ಟಳು.

"ಮರತಿದ್ರಿ," ಅಂದಳು. "ನನ್ನ ಗಂಡ ಸಾಯೂತನಕ ಕೇಳಿದ, ಕದ್ದೀಯೇನಂತ. ಅವಗೂ ಹೇಳಲಿಲ್ಲ ನಾನು."

ಮಹಾಲಿಂಗ ಇಲ್ಲವೆಂಬುದು ರಾಧಾಬಾಯಿಗೆ ತಿಳಿದದ್ದು ಹಾಗೆ. ಅವಳು ಬಾಳವ್ವನ ಪಾದಕ್ಕೆ ಕೈ ಚಾಚಿದಳು. ಬಾಳವ್ವ ಪಾದ ಹಿಂದೆ ಎಳೆದುಕೊಂಡಳು.

"ಇಲ್ಲಿ ಯಾರೂ ನನ್ನ ಕಳ್ಳಿ ಅಂದಿಲ್ರಿ. ಅಂದದ್ದು ಅಲ್ಲಿ. ಅಲ್ಲೇ ಹೇಳ್ರಿ."

ಅದೇ ದಿನ ಇಳಿಹೊತ್ತಿಗೆ, ಬಾಳವ್ವನನ್ನು ಟಾಂಗಾದಲ್ಲಿ ಕರೆತಂದು, ಮಡುವಿನ ದಂಡೆಯ ಮೇಲೆ, ನೆರೆಹೊಲದ ಮರಾಠಿ ಜನರ ಎದುರು, ಅತ್ತೆಯ, ಗಂಡನ ಎದುರು, ರಾಧಾಬಾಯಿ ದೀಪ ಹಚ್ಚಿಟ್ಟು ಮುಟ್ಟಿದಳು. ಆದದ್ದನ್ನು ಆದ ಹಾಗೆ ಹೇಳಿದಳು. ಮೊದಲು ಕನ್ನಡದಲ್ಲಿ, ಎಲ್ಲರಿಗೂ ತಿಳಿಯಲೆಂದು ಮತ್ತೆ ಮರಾಠಿಯಲ್ಲಿ. ರಾಯರು ನೆಲ ನೋಡುತ್ತ ನಿಂತರು. ಗಂಗೂಬಾಯಿ ನತ್ತನ್ನು ಬಾಳವ್ವನತ್ತ ಚಾಚಿ, "ನೀನ ಇಟ್ಕೋ ಇದನ್ನ," ಅಂದರು.

ಬಾಳವ್ವ ನತ್ತಿನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ನೀರಿನ ಮೇಲಿತ್ತು. ಯೆರವಡಾದಲ್ಲಿ ಕೊಡದ ನೀರಿನಲ್ಲಿ ಬದುಕಿದವಳು. ಸೀರೆಯ ಕಚ್ಚೆ ಬಿಗಿದು, ಯಾರನ್ನೂ ಕೇಳದೆ ಇಳಿದಳು. ಮೊಣಕಾಲು, ಸೊಂಟ, ಎದೆ. ಆಮೇಲೆ ಹಣ್ಣುಗೂದಲೂ ಮುಳುಗಿತು.

ಒಂದು ಗುಳ್ಳೆ. ಎರಡು. ಆಮೇಲೆ ಗುಳ್ಳೆಯೂ ಇಲ್ಲ.

ರಾಧಾಬಾಯಿ ನಾಮ ಹೇಳತೊಡಗಿದಳು. ಹತ್ತಾಯಿತು, ಇಪ್ಪತ್ತಾಯಿತು. "ಶ್ಯಾಮಾ, ಹಾರೋ!" ಎಂದು ರಾಯರು ಕೂಗುವಷ್ಟರಲ್ಲಿ ನೀರು ಸೀಳಿ ಬಾಳವ್ವ ಎದ್ದಳು. ಉಸಿರು ಎಳೆದುಕೊಂಡು, ಈಜಿ ದಂಡೆಗೆ ಬಂದು, ಗಂಗೂಬಾಯಿಯ ಮುಂದೆ ನಿಂತು ಮುಷ್ಟಿ ಬಿಚ್ಚಿದಳು. ಕಾಡಿಗೆಯಂಥ ಕಪ್ಪು ಕೆಸರು, ಅದರಲ್ಲೊಂದು ಸಣ್ಣ ಬಸವನಹುಳದ ಚಿಪ್ಪು.

"ನೋಡ್ಕೋರಿ ಬಾಯಾರ," ಅಂದಳು. "ನನ್ನ ಕೈಯಾಗ ಮಣ್ಣಷ್ಟ ಅದ."