ಪ್ರತಿ ಕಡತದ ನೆತ್ತಿಯ ಮೇಲೊಂದು ಶ್ರೀ

ಸೊನ್ನೆ ಹೇಗೆ ಸಾಧ್ಯ? ಹತ್ತೋ ಹನ್ನೆರಡೋ ಬಂದಿದ್ದರೆ ಯಂತ್ರದ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಇಷ್ಟು ದುಂಡಗಿನ ಸೊನ್ನೆ ಎಂದರೆ ತಪ್ಪು ತನ್ನದೇ. ಅಥವಾ ಅಲ್ಲವೇ? ಮಕರಂದ ಭಿಡೆ ಪರದೆಯನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೆಂದರೆ, ಆ ಸೊನ್ನೆಯೂ ತನ್ನನ್ನು ನೋಡುತ್ತಿದೆ ಅನ್ನಿಸತೊಡಗಿತು.

ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಗಾಡಿ ತೂಗುವ ವೇಬ್ರಿಜ್‌ಗಳಿಗೆ ಪ್ರೋಗ್ರಾಂ ಬರೆಯುವ ಪುಣೆಯ ಕಂಪನಿ ಅದು. ಒಂಬತ್ತು ಸಾವಿರ ಕಡತಗಳ ಕೋಡು. ಒಂದು ಅಲ್ಪವಿರಾಮ ತಿದ್ದಿದರೂ ಅಷ್ಟನ್ನೂ ಸೇರಿಸಿ ಪ್ರೋಗ್ರಾಂ ಕಟ್ಟುವ ಬಿಲ್ಡ್‌ಗೆ ಐವತ್ತು ನಿಮಿಷ. ಗೋಡೆಯ ಮೇಲೆ ವಿಭಾಗದ ಮುಖ್ಯಸ್ಥ ಕರಂದೀಕರ ಕಾಕಾ ತಮ್ಮ ಕೈಬರಹದಲ್ಲೇ ಫಲಕ ಹಾಕಿದ್ದರು: ‘ಬಿಲ್ಡ್ ನಡೆದಿದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಗೊತ್ತಿದ್ದರೆ ಇಲ್ಲೇ ಬರೆಯುತ್ತಿದ್ದೆವು.’

ಮಕರಂದ ಮಾತು ಕಡಿಮೆಯವನು. ಅಂಥವನು ಒಂದು ದಿನ ಮೀಟಿಂಗಿನಲ್ಲಿ ಬಾಯಿಬಿಟ್ಟು, ಊರಾಚೆ ಹಿಂಜವಡಿಯಲ್ಲಿ ಎಂಟು ಯಂತ್ರ ಬಾಡಿಗೆಗೆ ಹಿಡಿದು ಕೆಲಸವನ್ನು ಅಲ್ಲಿಗೆ ಹಂಚೋಣ, ಒಮ್ಮೆ ಮಾಡಿದ್ದನ್ನು ಉಗ್ರಾಣದಲ್ಲಿಟ್ಟು ಮತ್ತೆ ಮಾಡದೆ ಎತ್ತಿಕೊಳ್ಳೋಣ ಎಂದಿದ್ದ. ನಾಲ್ಕು ವಾರವಾಯಿತು. ಉಗ್ರಾಣ ತುಂಬಿ ತುಳುಕುತ್ತಿತ್ತು. ಅದರಿಂದ ಒಂದು ಕಾಳೂ ಹೊರಗೆ ಬರುತ್ತಿರಲಿಲ್ಲ; ಪರದೆಯ ಮೇಲಿನ ಸೊನ್ನೆ ಅದರದೇ ಲೆಕ್ಕ. ಪ್ರತಿ ಸಲ ಎಲ್ಲವೂ ಹೊಸದಾಗಿ ಹಿಂಜವಡಿಗೆ ಹೋಗಿ ಬರುತ್ತಿದ್ದುದರಿಂದ ಈಗ ಐವತ್ತೆರಡು ನಿಮಿಷ. ನಾಳೆ ಶುಕ್ರವಾರ ನಾಲ್ಕಕ್ಕೆ ಕಾಕಾ ನೋಡುವವರಿದ್ದರು. ಹತ್ತು ನಿಮಿಷಕ್ಕೆ ಇಳಿಯದಿದ್ದರೆ ಯಂತ್ರಗಳು ವಾಪಸ್ಸು, ಮಕರಂದ ತೂಕದ ಪಾವತಿ ಚೀಟಿ ಮುದ್ರಿಸುವ ವಿಭಾಗಕ್ಕೆ. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ.

“ಯಾಕೋ, ಮಾರಿ ಹುಳ್ಳಗ ಮಾಡ್ಕೊಂಡು ಕೂತೀಯಲ್ಲ?” ಕಾಕಾ ಗುರುವಾರದ ಉಪವಾಸದ ಸಾಬೂದಾಣಿ ಖಿಚಡಿಯ ಡಬ್ಬಿ ಹಿಡಿದು ಬಂದಿದ್ದರು. “ನಿನ್ನ ಎಂಟು ಮಂದಿ ಅಳಿಯಂದಿರು ಏನಂತಾರ? ಉಂಡು ಮಲಗ್ಯಾರೋ, ಎದ್ದಾರೋ?”

“ಕೆಲಸ ಮಾಡ್ಲಿಕ್ಕತ್ತಾರ್ರಿ ಕಾಕಾ.”

“ಹೌದ? ಐವತ್ತರ ಕೆಲಸ ಐವತ್ತೆರಡಕ್ಕ. ಭಾರೀ ಪ್ರಗತಿ ಬಿಡು.”

ಪಕ್ಕದ ಮೇಜಿನ ಕೇತಕಿ ನಕ್ಕಳು. “ಇರಲಿ ಬಿಡ್ರಿ ಕಾಕಾ. ಎರಡು ನಿಮಿಷ ಚಹಾ ಜಾಸ್ತಿ ಸಿಕ್ಕೇದ.”

ಅವರು ಹೋದ ಮೇಲೆ ಮಕರಂದ ಒಂದೇ ಕಡತವನ್ನು ಎರಡು ಸಲ ಬಿಲ್ಡ್ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ನೋಡಿದ. ಎಲ್ಲ ಒಂದೇ. ನೆತ್ತಿಯ ಮೇಲಿನ ಒಂದು ಸಾಲು ಮಾತ್ರ ಬೇರೆ:

‘ಶ್ರೀ ಗಜಾನನ ಪ್ರಸನ್ನ. ಜ್ಯೇಷ್ಠ ಶುದ್ಧ ಚತುರ್ಥಿ, 11:42:07.’

ಇನ್ನೊಂದರಲ್ಲಿ 11:43:31.

ಅವನು ಕುರ್ಚಿಗೆ ಒರಗಿದ. ಬಿಲ್ಡ್ ಶುರುವಾದೊಡನೆ ಶ್ರೀಕಾರ, ತಿಥಿ, ಗಳಿಗೆ ಬರೆದುಕೊಳ್ಳುವ ಆ ಸಾಲು ಒಂಬತ್ತು ಸಾವಿರ ಕಡತಗಳ ತಲೆಯ ಮೇಲೂ ಕೂರುತ್ತಿತ್ತು. ಗಳಿಗೆ ಬದಲಾದರೆ ಕಡತ ಬೇರೆ. ಕಡತ ಬೇರೆಯಾದರೆ ಉಗ್ರಾಣದಲ್ಲಿರುವುದು ಇದಲ್ಲ. ಬರೆದವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಹದಿನಾರು ವರ್ಷದ ಹಿಂದೆ ಮೊದಲ ವೇಬ್ರಿಜ್ ಅಮಾವಾಸ್ಯೆಯ ದಿನ ಕಬ್ಬು ತುಂಬಿದ ಎತ್ತಿನ ಗಾಡಿಗೆ ಮೈನಸ್ ಮೂರು ಟನ್ ತೂಕ ತೋರಿಸಿತ್ತು. ಅಂದು ರಾತ್ರಿಯೇ ಕಾಕಾ ಆ ಸಾಲು ಸೇರಿಸಿದರು. ಆಮೇಲೆ ಯಾವ ಗಾಡಿಯೂ ಸೊನ್ನೆಗಿಂತ ಕೆಳಗೆ ಇಳಿಯಲಿಲ್ಲ. ಆಫೀಸಿನಲ್ಲಿ ಈ ಕಥೆ ಕೇಳದವರಿರಲಿಲ್ಲ.

ಮಕರಂದ ಎದ್ದು ಕಾಕಾರ ಮೇಜಿನವರೆಗೆ ಹೋದ.

“ಏನಪಾ?”

“ಕಾಕಾ, ಅದು… ಆ ಮೊದಲನೇ ಸಾಲು…”

“ಶ್ರೀಕಾರ?” ಕಾಕಾ ಚಮಚ ಕೆಳಗಿಟ್ಟರು. ಮುಖ ಮಗುವಿನ ಹಾಗೆ ಅರಳಿತು. “ನೀನಾದ್ರೂ ಅದನ್ನ ನೋಡಿದೆಲ್ಲ! ಈಗಿನವರು ಯಾರು ನೋಡ್ತಾರ? ನಾ ರಿಟೈರ್ ಆದ ಮ್ಯಾಲೆ ಈ ಕಂಪನ್ಯಾಗ ನಂದು ಅಂತ ಉಳಿಯೋದು ಅದೊಂದೇ ನೋಡು. ಏನಾಗೇದ ಅದಕ್ಕ?”

ಮಕರಂದ ಆ ಅರಳಿದ ಮುಖ ನೋಡಿದ.

“ಅಕ್ಷರ ಛಂದ ಅದಾವ್ರಿ,” ಎಂದು ಹಿಂತಿರುಗಿ ಬಂದ.

ಸಂಜೆಯವರೆಗೆ ಕೂತು ಯೋಚಿಸಿದ. ಅಡಿಗೆಮನೆಯ ಪ್ರತಿ ಸಾಸಿವೆ ಕಾಳಿಗೂ ಯಾರು ನೈವೇದ್ಯ ಮಾಡುತ್ತಾರೆ? ಬಡಿಸಿದ ಎಲೆಗೆ ಒಮ್ಮೆ ಮಾಡಿದರೆ ಸಾಲದೇ? ಸಾಲನ್ನು ಒಂಬತ್ತು ಸಾವಿರ ತಲೆಗಳಿಂದ ಇಳಿಸಿದ. ತುಂಡುಗಳೆಲ್ಲ ಸಿದ್ಧವಾಗಿ, ಕೊನೆಗೆ ಒಟ್ಟಿಗೆ ಹೊಲಿಯುವಾಗ, ಪೂರ್ತಿ ಪ್ರೋಗ್ರಾಂನ ಹಣೆಗೆ ಒಂದೇ ಸಲ ಇಟ್ಟ. ರಾತ್ರಿ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ ಉಗ್ರಾಣವನ್ನು ಹೊಸದಾಗಿ ತುಂಬಿಸಿದ.

ಶುಕ್ರವಾರ ನಾಲ್ಕಕ್ಕೆ ಕಾಕಾ ತಾವೇ ಒಂದು ಸಾಲು ತಿದ್ದಿ, ಬಿಲ್ಡ್ ಒತ್ತಿ, ಚಹಾಕ್ಕೆಂದು ಎದ್ದರು. ಬಾಗಿಲು ದಾಟುವಷ್ಟರಲ್ಲಿ ಕೇತಕಿ ಕೂಗಿದಳು.

“ಕಾಕಾ, ತಿರುಗಿ ಬರ್ರಿ! ಮುಗೀತು!”

“ಕೆಟ್ಟು ನಿಂತಿರಬೇಕು ನೋಡು ಸರೀಗೆ.”

“ಇಲ್ರೀ, ಖರೇನ ಮುಗೀತು. ಒಂದೂವರಿ ನಿಮಿಷ.”

ಕಾಕಾ ಗಡಿಯಾರ ನೋಡಲಿಲ್ಲ. ಕನ್ನಡಕ ಏರಿಸಿ ಪ್ರೋಗ್ರಾಂ ತೆರೆದು ಮೊದಲು ಅದರ ನೆತ್ತಿ ನೋಡಿದರು. ಶ್ರೀ ಗಜಾನನ ಪ್ರಸನ್ನ. ಜ್ಯೇಷ್ಠ ಶುದ್ಧ ಪಂಚಮಿ. ಗಳಿಗೆಯೂ ಸರಿ.

“ನೋಡಿದೇನು?” ಕಾಕಾ ಮಕರಂದನ ಬೆನ್ನಿಗೊಂದು ಬಾರಿಸಿದರು. “ನಾಲ್ಕು ವಾರ ಒದ್ದಾಡಿದಿ. ನಿನ್ನೆ ಒಂದು ಸಲ ಶ್ರೀಕಾರ ಕಣ್ಣೆತ್ತಿ ನೋಡಿದಿ, ಇವತ್ತು ಹಾದಿ ಸಿಕ್ತು! ಹೌದಲ್ಲ?”

“ಹೌದ್ರಿ ಕಾಕಾ.”

ಸೋಮವಾರ ಗೋಡೆಯ ಮೇಲೆ ಹೊಸ ಫಲಕವಿತ್ತು: ‘ಬಿಲ್ಡ್‌ಗೆ ಈಗ ಒಂದೂವರೆ ನಿಮಿಷ. ಚಹಾಕ್ಕೆ ಹೋಗುವವರು ಬೇರೆ ನೆಪ ಹುಡುಕಿಕೊಳ್ಳತಕ್ಕದ್ದು.’

ಎಂಟು ಯಂತ್ರಗಳೂ ಉಳಿದವು, ಮಕರಂದನೂ ಉಳಿದ. ಮರುವರ್ಷ ಕಾಕಾ ನಿವೃತ್ತರಾದಾಗ ಬೀಳ್ಕೊಡುಗೆಯಲ್ಲಿ ಎಲ್ಲರೂ ಆ ಶ್ರೀಕಾರದ ಮಹಿಮೆಯನ್ನು ಕೊಂಡಾಡಿದರು. ಅವನನ್ನೂ ಎರಡು ಮಾತಾಡು ಎಂದರು. ಅವನು ಎದ್ದು ನಿಂತು, ನಮಸ್ಕಾರ ಮಾಡಿ ಕೂತ. ನಾಲ್ಕು ವಾರ ತನ್ನ ಉಗ್ರಾಣಕ್ಕೆ ಬೀಗ ಹಾಕಿದ್ದು ಅದೇ ಸಾಲು ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.